ಆರು ಗುಂಡಿ, ಒಂದು ಕಿಟಕಿ

ಪ್ರತಿ ಮನೆಯಲ್ಲೂ ಪ್ರತಿಯೊಬ್ಬರಿಗೂ ತಮ್ಮದು ಎನ್ನುವ ಒಂದು ಜಾಗ ಇರುತ್ತದೆ. ಅದು ಯಾವ ಜಮೀನಿನ ಉತಾರದಲ್ಲೂ ಬರೆದಿರುವುದಿಲ್ಲ. ಆದರೆ ಅಲ್ಲಿ ಬೇರೆಯವರು ಬಂದು ಕುಳಿತರೆ ಮಾತ್ರ ಸರ್ವೆ ನಂಬರು, ಬಾಂದುಗಲ್ಲು, ಚಕ್ಕುಬಂದಿ ಎಲ್ಲ ಒಮ್ಮೆಲೇ ನೆನಪಾಗುತ್ತವೆ. ನಮ್ಮ ಅತ್ತೆಯದು ಪಡಸಾಲೆಯ ಗೋಡೆಯ ಮೂಲೆ. ಅಲ್ಲಿಂದ ಬೀದಿಯೂ ಕಾಣುತ್ತದೆ, ಅಡುಗೆಮನೆಯೂ ಕಾಣುತ್ತದೆ. ನಮ್ಮ ಮನೆಯವರದು ಟಿವಿ ಎದುರಿನ ಕುರ್ಚಿ. ಅವರು ಡ್ಯೂಟಿಗೆ ಹೋದಾಗ ಅವರ ಪರವಾಗಿ ಅವರ ಟವೆಲ್ಲು ಅದರ ಮೇಲೆ ಕುಳಿತಿರುತ್ತದೆ. ನನ್ನದು ನಡುಮನೆಯ ಕಿಟಕಿ. ಅದರ ಕೆಳಗೆ ಇಪ್ಪತ್ತೆರಡು ವರ್ಷಗಳಿಂದ ನನ್ನ ಹೊಲಿಗೆ ಮಷೀನು ಇದೆ. ಕಪ್ಪು ದಾರ ಯಾವುದು, ಕಡುನೀಲಿ ದಾರ ಯಾವುದು ಎಂದು ಟ್ಯೂಬ್‌ಲೈಟಿನ ಕೆಳಗೆ ದೇವರಿಗೂ ತಿಳಿಯುವುದಿಲ್ಲ, ಆ ಕಿಟಕಿಯ ಬೆಳಕಿನಲ್ಲಿ ನನಗೆ ತಿಳಿಯುತ್ತದೆ. ರಾಣೆಬೆನ್ನೂರಿನಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುವವರು ಓಣಿಗೆ ಇಬ್ಬರಿದ್ದಾರೆ. ನನ್ನ ಕಿಟಕಿಯಂಥ ಕಿಟಕಿ ಇನ್ನೊಬ್ಬರಿಗಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದನ್ನು ಓದಿ ನೀವು ನನ್ನನ್ನು ನೋಡಿ ನಗಬಹುದು. ನಗುವ ಮೊದಲು ಆ ಬೆಳಕು ಎಂಥದಿತ್ತು ಎನ್ನುವುದು ಗೊತ್ತಿರಲಿ.

ನಮ್ಮ ಮನೆಯವರ ಹೆಸರು ಬಸವರಾಜ. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅವರಿಗೆ ಸಿಗರೇಟಿಲ್ಲ, ಇಸ್ಪೀಟಿಲ್ಲ, ಮಂದಿಯ ಉಸಾಬರಿಯಿಲ್ಲ. ಇಂಥ ಗಂಡಂದಿರ ಬಗ್ಗೆ ಹೆಂಡಂದಿರು ಸ್ವಲ್ಪ ಎಚ್ಚರದಿಂದ ಇರಬೇಕು. ಚಟವೆನ್ನುವುದು ಬಾಡಿಗೆದಾರನಿದ್ದಂತೆ, ಖಾಲಿ ಖೋಲಿ ಇದೆ ಎಂದು ಗೊತ್ತಾದರೆ ಯಾವತ್ತಾದರೂ ಬಂದೇ ಬರುತ್ತದೆ. ಇವರಿಗೆ ಐವತ್ತರ ಹತ್ತಿರ ಬಂತು. ಹಾವೇರಿಯಲ್ಲಿ ಐಟಿಐ ಓದುವಾಗ ಇವರೂ ಇವರ ದೋಸ್ತ ಮೆಹಬೂಬನೂ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ವಿಡಿಯೋ ಗೇಮಿನ ಅಂಗಡಿಗೆ ಹೋಗುತ್ತಿದ್ದರಂತೆ. ಬಾಗಿಲಿಗೆ ಗೋಣಿಚೀಲದ ಪರದೆ, ಒಳಗೆ ಕಪಾಟಿನಂಥ ನಾಲ್ಕು ಪೆಟ್ಟಿಗೆಗಳು, ಪೆಟ್ಟಿಗೆಯಲ್ಲಿ ಟಿವಿ, ಟಿವಿಯ ಕೆಳಗೆ ಹಲಗೆ, ಹಲಗೆಯ ಮೇಲೆ ಒಂದು ಹಿಡಿಕೆ ಮತ್ತು ಗುಂಡಿಗಳು. ಒಂದು ರೂಪಾಯಿ ಹಾಕಿದರೆ ಪರದೆಯಲ್ಲಿ ಇಬ್ಬರು ಪೈಲ್ವಾನರು ಹೊಡೆದಾಡುತ್ತಿದ್ದರು. ಒಬ್ಬ ಇವರ ಮಾತು ಕೇಳುತ್ತಿದ್ದ, ಇನ್ನೊಬ್ಬ ಮೆಹಬೂಬನ ಮಾತು. ಮದುವೆಯಾದ ಹೊಸದರಲ್ಲಿ ಈ ಕಥೆಯನ್ನು ಪ್ರೀತಿಯಿಂದ ಕೇಳಿದ್ದೆ. ಹೊಸದರಲ್ಲಿ ಏನೇನು ಕೇಳುತ್ತೇವೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಮನೆಗೆ ಒಂದು ಪಾರ್ಸೆಲ್ ಬಂತು. ನಾನು ಕೋಟಿನ ಗುಂಡಿಗಳನ್ನು ತರಿಸಿದ್ದೆ, ಅವೇ ಇರಬೇಕೆಂದು ಕತ್ತರಿ ಹಾಕಿದೆ. ಒಳಗಿದ್ದದ್ದೂ ಗುಂಡಿಗಳೇ. ಆದರೆ ಒಂದೊಂದೂ ಉಪ್ಪಿನಕಾಯಿ ಬಾಟಲಿಯ ಮುಚ್ಚಳದಷ್ಟು, ಕೆಂಪು, ಹಳದಿ, ಹಸಿರು. ಒತ್ತಿದರೆ ಟಿಕ್ ಎನ್ನುತ್ತಿದ್ದವು. ಇವಕ್ಕೆ ಕಾಜಾ ಹೆಂಗ ಹಾಕೂದ್ರಿ ಎಂದು ಇವರನ್ನು ಕೇಳಿದೆ. ಇವರು ನೆಲ ನೋಡುತ್ತ, ಡ್ರಿಲ್ ಹೊಡೀಬೇಕು ಎಂದರು. ಆಗ ಎಲ್ಲ ಹೊರಬಿತ್ತು. ಅಂಥದೇ ಒಂದು ಪೆಟ್ಟಿಗೆಯನ್ನು ಮನೆಯಲ್ಲೇ ಮಾಡುವುದು, ಅಟ್ಟದ ಮೇಲಿನ ಹಳೇ ಕಂಪ್ಯೂಟರಿನ ಪರದೆ ಅದಕ್ಕೆ ಸಾಕು, ವೈರಿಂಗ್ ಇವರದೇ, ಕಟ್ಟಿಗೆ ಕೆಲಸಕ್ಕೆ ಮೆಹಬೂಬ ಇದ್ದಾನೆ. ಮೆಹಬೂಬ ಈಗ ಬ್ಯಾಡಗಿಯಲ್ಲಿ ಬಡಿಗ. ಬಾಗಿಲು, ಪಲ್ಲಂಗ, ದೇವರ ಮಂಟಪ ಎಲ್ಲ ಮಾಡುತ್ತಾನೆ. ಒಳ್ಳೆಯ ಮನುಷ್ಯ. ತಮ್ಮೂರಿನ ಮೆಣಸಿನಕಾಯಿಯ ಹಾಗೆ ನೋಡಲು ಕೆಂಪಗೆ, ಬಾಯಿಗಿಟ್ಟರೆ ಖಾರವಿಲ್ಲ.

ಉಳಿದದ್ದೆಲ್ಲ ಒಂದು ವಾರದಲ್ಲಿ ನಿಕ್ಕಿಯಾಯಿತು. ನಿಕ್ಕಿಯಾಗದೆ ಉಳಿದದ್ದು ಹಲಗೆ. ಹಿಡಿಕೆ ಎಲ್ಲಿ, ಗುಂಡಿ ಎಷ್ಟು, ಸಾಲು ನೆಟ್ಟಗೋ ಓರೆಯೋ. ಇಷ್ಟು ಸಣ್ಣ ವಿಷಯದ ಮೇಲೆ ಇಬ್ಬರು ಗಂಡಸರು ದಿನಾ ಸಂಜೆ ಫೋನಿನಲ್ಲಿ ಮುಕ್ಕಾಲು ತಾಸು ಮಾತಾಡಬಹುದೆಂದು ನಾನು ಅಂದುಕೊಂಡಿರಲಿಲ್ಲ. ಆ ಅಂಗಡಿಯಲ್ಲಿ ಗುಂಡಿಗಳು ಮೂರು ಮೂರರ ಎರಡು ನೆಟ್ಟಗಿನ ಸಾಲಿನಲ್ಲಿದ್ದವು ಎಂದು ಇವರು. ಅಲ್ಲ, ಬೆರಳು ಉದ್ದ ಗಿಡ್ಡ ಇರುವ ಹಾಗೆ ಓರೆಯಾಗಿದ್ದವು ಎಂದು ಮೆಹಬೂಬ. ಮೂವತ್ತು ವರ್ಷದ ಹಿಂದಿನದಕ್ಕೆ ಸಾಕ್ಷಿ ಎಲ್ಲಿ? ಇಬ್ಬರೂ ತಮ್ಮ ತಮ್ಮ ಬೆರಳುಗಳನ್ನೇ ಸಾಕ್ಷಿ ಕರೆಯುತ್ತಿದ್ದರು. ಫೋನಿನ ಆ ಕಡೆ ಮೆಹಬೂಬ ಗಾಳಿಯಲ್ಲಿ ಬೆರಳಾಡಿಸುತ್ತಿದ್ದನೋ ಏನೋ, ಈ ಕಡೆ ಇವರಂತೂ ರೊಟ್ಟಿಯ ತಾಟಿನ ಅಂಚಿನ ಮೇಲೆ ಆಡಿಸುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮತ: ಹಿಡಿಕೆ ಎಡಕ್ಕೆ, ಗುಂಡಿ ಬಲಕ್ಕೆ. ಅದನ್ನು ಬದಲಿಸುವುದು ಎಂದರೆ ಅನ್ನವನ್ನು ಹಿಂದಿನ ಬಾಗಿಲಿನಿಂದ ಉಂಡಂತೆ ಎಂದು ಇವರು ಒಮ್ಮೆ ಹೇಳಿದರು. ಅದು ಹೇಗೆ ಎಂದು ನಾನು ಕೇಳಲಿಲ್ಲ.

ಮಾತಿನಿಂದ ಬಗೆಹರಿಯದಿದ್ದಾಗ ಇವರು ರಟ್ಟಿನ ಮೇಲೆ ಪ್ರಯೋಗಕ್ಕೆ ಇಳಿದರು. ಫ್ಯಾನು ಬಂದ ರಟ್ಟಿನ ಡಬ್ಬಿ ಕತ್ತರಿಸಿ ನೆಲದ ಮೇಲೆ ಹರವಿ, ಗುಂಡಿಗಳನ್ನು ಇಟ್ಟು, ಹಿಡಿಕೆ ಇನ್ನೂ ಬಂದಿಲ್ಲವೆಂದು ಅತ್ತೆಯ ಎಲೆಅಡಿಕೆ ಕುಟ್ಟುವ ಕುಟ್ಟಣಿಯ ಗೂಟವನ್ನು ರಟ್ಟಿಗೆ ಚುಚ್ಚಿ ನಿಲ್ಲಿಸಿದರು. ಅತ್ತೆ ಊಟವಾದ ಮೇಲೆ ಅರ್ಧ ತಾಸು ಕುಟ್ಟಣಿ ಹುಡುಕಿ, ಕೊನೆಗೆ ಮಗ ಅದನ್ನು ಎಡಗೈಯಲ್ಲಿ ಹಿಡಿದು ಅತ್ತ ಇತ್ತ ವಾಲಾಡಿಸುತ್ತ ಬಾಯಲ್ಲೇ ಢಿಶುಂ ಎನ್ನುತ್ತಿದ್ದದ್ದನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಗಿರಿಜಾ, ಬರೂ ಶನಿವಾರ ಇವನ್ನ ಕದರಮಂಡಲಗಿ ಹನುಮಪ್ಪನ ಗುಡಿಗೆ ಕರಕೊಂಡು ಹೋಗಿ ಬರೂಣು" ಎಂದರು.

ಇಲ್ಲಿಯವರೆಗೆ ನನಗೆ ಇದೆಲ್ಲ ತಮಾಷೆಯಾಗಿಯೇ ಇತ್ತು. ಒಂದು ದಿನ ಇವರು ನನ್ನ ಅಳತೆ ಟೇಪು ತೆಗೆದುಕೊಂಡು ನಡುಮನೆಯಲ್ಲಿ ಓಡಾಡತೊಡಗಿದರು. ಇಬ್ಬರು ಕೂತು ಆಡುವ ಹಲಗೆಯಾದರೆ ನಾಲ್ವತ್ತನಾಲ್ಕು ಇಂಚು ಅಗಲ ಬೇಕು. ಅಷ್ಟು ಅಗಲದ ಜಾಗ, ಪಕ್ಕದಲ್ಲೇ ಪ್ಲಗ್ಗು ಇರುವ ಜಾಗ, ಮನೆಯಲ್ಲಿ ಒಂದೇ. ಇವರು ಟೇಪಿನ ಒಂದು ತುದಿಯನ್ನು ನನ್ನ ಮಷೀನಿನ ಈ ಕಾಲಿಗೂ ಇನ್ನೊಂದು ತುದಿಯನ್ನು ಆ ಕಾಲಿಗೂ ಹಿಡಿದು ನಿಂತರು. ನಾನು ಕಡುನೀಲಿ ಜಂಪರಿಗೆ ಹೆಮ್ಮಿಂಗ್ ಮಾಡುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚಿತು.

ನಾನು ಜಗಳಗಂಟಿಯಲ್ಲ. ಕರ್ಜಗಿಯ ನಮ್ಮ ತವರುಮನೆಯಲ್ಲಿ ಜಗಳವಾಡುವವರು ಬೇರೆ ಇದ್ದರು, ನನ್ನ ಸರದಿ ಬರಲೇ ಇಲ್ಲ. ಆದ್ದರಿಂದ ನಾನೂ ಟೇಪು ತೆಗೆದುಕೊಂಡೆ. ತಿಜೋರಿಗೂ ದೇವರ ಖೋಲಿಯ ಬಾಗಿಲಿಗೂ ನಡುವೆ ಇಪ್ಪತ್ನಾಲ್ಕು ಇಂಚು ಜಾಗವಿತ್ತು; ಅಲ್ಲಿಯೂ ಪ್ಲಗ್ಗು ಇತ್ತು, ತಿಜೋರಿಯ ಹಿಂದೆ ಮರೆಯಾಗಿತ್ತು ಅಷ್ಟೆ. ಒಬ್ಬರು ಆಡುವ ಹಲಗೆಗೆ ಇಪ್ಪತ್ತೆರಡು ಇಂಚು ಸಾಕು. ಒಂದು ಹಿಡಿಕೆ, ಆರು ಗುಂಡಿ, ನೆಟ್ಟಗೋ ಓರೆಯೋ ನಿಮ್ಮಿಷ್ಟ, ಪೆಟ್ಟಿಗೆ ಇಲ್ಲಿ ನಿಲ್ಲಲಿ ಎಂದೆ. ಒಬ್ಬನೇ ಆಡುವುದೆಂದರೆ ಒಬ್ಬನೇ ಕೂತು ಚೌಕಾಬಾರ ಆಡಿದಂತೆ ಎಂದು ಇವರು ವಾದಿಸಿದರು. ನಾನು ಸಮಾಧಾನವಾಗಿ ಎಣಿಸಿ ತೋರಿಸಿದೆ. ಮೆಹಬೂಬ ಇರುವುದು ಬ್ಯಾಡಗಿಯಲ್ಲಿ. ಮಗಳು ಇರುವುದು ಧಾರವಾಡದ ಹಾಸ್ಟೆಲಿನಲ್ಲಿ. ಅತ್ತೆಗೆ ಮೊಣಕಾಲು ನೋವು. ನನಗೆ ಹೊಲಿಗೆ. ಎರಡನೆಯ ಹಿಡಿಕೆ ಹಿಡಿಯುವವರು ಯಾರು?

ಇವರು ಟೇಪನ್ನು ಬೆರಳಿಗೆ ಸುತ್ತುತ್ತ ಸುತ್ತುತ್ತ ಯೋಚಿಸಿದರು. "ಖರೇ ಐತಿ ಬಿಡು. ಇನ್ನೊಬ್ಬರು ಯಾರದಾರ ಈಗ" ಎಂದರು. ಟೇಪು ಬಿಚ್ಚಿ, ಮಡಚಿ, ನನ್ನ ಮಷೀನಿನ ಮೇಲೆ ಇಟ್ಟು ಸ್ನಾನಕ್ಕೆ ಹೋದರು. ನಾನು ಗೆದ್ದಿದ್ದೆ. ಗೆದ್ದವರಿಗೆ ಆಗಬೇಕಾದ ಸಂತೋಷ ಯಾಕೋ ಪೂರ್ತಿ ಆಗಲಿಲ್ಲ. ಆ ಸಂಜೆ ಅವರಿಗೆ ಇಷ್ಟವಾದ ಝುಣಕ ಮಾಡಿದೆ. ಅವರು ಎರಡು ರೊಟ್ಟಿ ಹೆಚ್ಚಿಗೆ ತಿಂದರು, ಹಲಗೆಯ ಮಾತು ಎತ್ತಲಿಲ್ಲ.

ಗೆದ್ದ ಮೇಲೆ ದೊಡ್ಡ ಮನಸ್ಸು ತೋರಿಸುವುದು ಸುಲಭ. ಹಲಗೆಯ ಪ್ಯಾಟರ್ನನ್ನು ನಾನೇ ಕತ್ತರಿಸಿ ಕೊಡುತ್ತೇನೆ ಎಂದೆ. ಇವರ ಕೈಯನ್ನು ಖಾಕಿ ಕಾಗದದ ಮೇಲೆ ಇರಿಸಿ, ಸುತ್ತ ಚಾಕ್‌ಪೀಸಿನಿಂದ ಗೀಟು ಹಾಕಿ, ಯಾವ ಬೆರಳು ಎಲ್ಲಿಗೆ ಮುಟ್ಟುತ್ತದೆ, ಮುಂಗೈ ಊರಲು ಅಂಚಿನಿಂದ ಎಷ್ಟು ಬಿಡಬೇಕು ಎಲ್ಲ ಗುರುತು ಮಾಡಿದೆ. ಎಡಕ್ಕೆ ಹಿಡಿಕೆ, ಬಲಕ್ಕೆ ಆರು ಗುಂಡಿ. ಸಾಲು ನೆಟ್ಟಗೂ ಅಲ್ಲ, ಪೂರ್ತಿ ಓರೆಯೂ ಅಲ್ಲ. ಇಬ್ಬರು ದೋಸ್ತರ ಜಗಳವನ್ನು ಅರ್ಧ ಇಂಚಿನ ಇಳಿಜಾರಿನಲ್ಲಿ ಮುಗಿಸಿದೆ. ಇವರು ಕಾಗದದ ಮೇಲೆ ಕೈಯಿಟ್ಟು ನೋಡಿ, ಹಾವೇರಿಯ ಹಲಗೆ ಥೇಟ್ ಹೀಗೇ ಇತ್ತು ಎಂದರು. ಆಮೇಲೆ ಫೋನಿನಲ್ಲಿ ಚಿತ್ರ ನೋಡಿದ ಮೆಹಬೂಬನೂ ಹಾಗೇ ಹೇಳಿದನಂತೆ. ಶನಿವಾರ ಇವರು ಅತ್ತೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕದರಮಂಡಲಗಿಗೆ ಹೋದವರು, ಹಾಗೇ ಬ್ಯಾಡಗಿಗೂ ಹೋಗಿ ಕಾಗದವನ್ನು ಮೆಹಬೂಬನಿಗೆ ಮುಟ್ಟಿಸಿ ಬಂದರು. ಪೇಪರಿನಂತೆ ಪೆಟ್ಟಿಗೆ ಮಾಡು, ಆಕಿಯ ಅಳತೆ ಎಂದೂ ತಪ್ಪೂದಿಲ್ಲ ಎಂದು ಹೇಳಿ ಬಂದರಂತೆ. ಹನುಮಪ್ಪನಿಗೆ ಕಾಯಿ ಒಡೆಸಿ ಬಂದ ಅತ್ತೆ, ಇನ್ನು ಎಲ್ಲ ಸರಿಯಾಗುತ್ತದೆ ಎಂದರು.

ಈಗ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಜಂಪರಿನ ಬೆನ್ನಿನ ಭಾಗಕ್ಕೆ ಪೂರ್ತಿ ಬೆನ್ನಿನ ಕಾಗದ ಕತ್ತರಿಸುವವರು ಯಾರೂ ಇಲ್ಲ. ಅರ್ಧ ಬೆನ್ನು ಕತ್ತರಿಸಿ, ಒಂದು ಅಂಚಿಗೆ 'ಮಡಿಕೆ' ಎಂದು ಬರೆಯುತ್ತೇವೆ. ಬಟ್ಟೆಯನ್ನು ಮಡಚಿ, ಆ ಅಂಚನ್ನು ಮಡಿಕೆಗೆ ಹೊಂದಿಸಿ ಕತ್ತರಿಸಿದರೆ, ಬಿಚ್ಚಿದಾಗ ಪುಸ್ತಕ ತೆರೆದಂತೆ ಎರಡೂ ಕಡೆ ಸರಿಸಮ ಬರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದಿರುವ 'ಮಡಿಕೆ'ಗಳನ್ನು ಒಂದರ ಮುಂದೊಂದು ಇಟ್ಟರೆ ಹಾವೇರಿ ಮುಟ್ಟಬಹುದು. ಖಾಕಿ ಕಾಗದ ಕತ್ತರಿಸಿ ಮುಗಿಯಿತೆಂದರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ, ತಾನೇ ಹೋಗಿ ಬಲ ಅಂಚಿಗೆ ಬರೆದುಬಿಡುತ್ತದೆ.

ಹಲಗೆಯ ಕಾಗದಕ್ಕೂ ಬರೆದಿತ್ತು.

ಮೆಹಬೂಬನ ಜಾಗದಲ್ಲಿ ಬೇರೆ ಬಡಿಗನಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅವನ ತಾಯಿ ದರ್ಜಿ ಕೆಲಸ ಮಾಡಿ ಅವನನ್ನು ಓದಿಸಿದವಳು. ಮಡಿಕೆ ಎಂದರೇನು ಎಂದು ಅವನಿಗೆ ಹಾಲುಹಲ್ಲಿನಿಂದ ಗೊತ್ತು. ಒಬ್ಬರೇ ಆಡುವ ಪೆಟ್ಟಿಗೆ ಎಂದು ಇವರು ಅವನಿಗೆ ಹೇಳಿಯೂ ಇರಲಿಲ್ಲ. ಆದರೂ ಎರಡನೆಯ ಅರ್ಧದಲ್ಲಿ ಹಿಡಿಕೆ ಬಲಗಡೆ ಬರುವುದು ಅವನಿಗೆ ಸರಿಕಾಣದೆ ನನಗೆ ಫೋನು ಮಾಡಿದ. ಅದು ನಾನು ಶಾರದಕ್ಕನ ಜಂಪರಿನ ತೋಳು ಕೂಡಿಸುತ್ತಿದ್ದ ಹೊತ್ತು. ಶಾರದಕ್ಕ ನಮ್ಮ ಎದುರುಮನೆಯವರು, ಅಂಗನವಾಡಿಯಲ್ಲಿದ್ದು ನಿವೃತ್ತರಾದವರು, ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಹಾವೇರಿಗೆ ಹೋಗಬೇಕಾಗಿತ್ತು. ತಲೆಯ ಮೇಲೇ ನಿಂತಿದ್ದರು. ನನ್ನ ಬಾಯಲ್ಲಿ ಮೂರು ಗುಂಡುಸೂಜಿ. "ವೈನಿ, ಪೇಪರ್ ಮ್ಯಾಲ ಮಡಿಕಿ ಅಂತ ಬರದೀರಿ. ಬರದದ್ದು ಖರೇನ ಅದ ಹೌದಿಲ್ರಿ?" ಎಂದು ಮೆಹಬೂಬ ಕೇಳಿದ. ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡವರು ಜಗತ್ತಿಗೆ ಒಂದೇ ಉತ್ತರ ಕೊಡಬಲ್ಲರು. ಇಲ್ಲ ಎನ್ನಲು ಬಾಯಿ ತೆರೆಯಬೇಕು. ನಾನು ಹೂಂ ಎಂದೆ.

ಮುಂದಿನ ಭಾನುವಾರ ಟಂಟಂ ಗಾಡಿಯಲ್ಲಿ ಪೆಟ್ಟಿಗೆ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ, ಓರೆ ಮಾಡಿ ಒಳಗೆ ತಂದರು. ನಾನು ಟೇಪು ಹಿಡಿದು ನೋಡಿದೆ. ನಾಲ್ವತ್ತನಾಲ್ಕು ಇಂಚು. ನುಣ್ಣಗೆ ಪಾಲಿಶ್ ಮಾಡಿದ ಹಲಗೆ. ಎಡ ತುದಿಗೆ ಒಂದು ಹಿಡಿಕೆಯ ತೂತು, ಬಲ ತುದಿಗೆ ಇನ್ನೊಂದು, ನಡುವೆ ಆರು ಮತ್ತು ಆರು ತೂತುಗಳು ಬೀಗರ ಹಾಗೆ ಎದುರು ಬದುರು. ಎಡಗಡೆಯದು ಹಾವೇರಿಯ ಹಲಗೆ. ಬಲಗಡೆಯದು ಹಾವೇರಿಯ ಹಲಗೆಯನ್ನು ಕನ್ನಡಿಯಲ್ಲಿ ನೋಡಿದಂತೆ. ಗುಂಡಿ ಎಡಕ್ಕೆ, ಹಿಡಿಕೆ ಬಲಕ್ಕೆ. ಇವರು ಮೆಹಬೂಬನ ಮುಖ ನೋಡಿದರು. ಮೆಹಬೂಬ ಜೇಬಿನಿಂದ ಖಾಕಿ ಕಾಗದ ತೆಗೆದು ನನ್ನ ಮುಂದೆ ಹಿಡಿದ. ಬಲ ಅಂಚಿನಲ್ಲಿ ನನ್ನದೇ ಅಕ್ಷರ, ದುಂಡಗೆ, ಚಂದವಾಗಿ.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಮೆಹಬೂಬ ತಾನೇ ತಪ್ಪು ಮಾಡಿದವನ ಹಾಗೆ, ಇದನ್ನು ಕೊಯ್ದು ಸಣ್ಣದು ಮಾಡಿಕೊಡುತ್ತೇನೆ, ಒಂದು ವಾರ ಕೊಡ್ರಿ ವೈನಿ, ಹೊಸ ಹಲಗೆ ತರುತ್ತೇನೆ ಎಂದ. ಸದ್ಯಕ್ಕೆ ಪೆಟ್ಟಿಗೆ ನಡುಮನೆಯ ನಡುವೆ ನಿಂತರೆ ಓಡಾಡಲು ಅಡ್ಡವಾಗುತ್ತದೆಂದು ನನ್ನ ಮಷೀನನ್ನು ಪಡಸಾಲೆಗೆ ಸರಿಸಿ, ಪೆಟ್ಟಿಗೆಯನ್ನು ಕಿಟಕಿಯ ಕೆಳಗೆ ನಿಲ್ಲಿಸಿದರು. ಒಂದೇ ವಾರ ಎಂದು ನಾನೇ ನನಗೆ ಹೇಳಿಕೊಂಡೆ. ಮಷೀನು ಹೋದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ನಾಲ್ಕು ಗುರುತು ಇದ್ದವು. ಅವುಗಳ ಮೇಲೆ ಪೆಟ್ಟಿಗೆ ಕುಳಿತುಕೊಂಡಿತು.

ಬಂದ ದೋಸ್ತ ಆಡದೆ ಹೋಗುತ್ತಾನೆಯೇ? ಮೊದಲೇ ಇಬ್ಬರಿಗೆಂದು ತರಿಸಿದ್ದ ಎರಡು ಹಿಡಿಕೆ, ಹನ್ನೆರಡು ಗುಂಡಿ ಕೂಡಿಸಿ ಇವರು ಮಧ್ಯಾಹ್ನದೊಳಗೆ ವೈರಿಂಗ್ ಮುಗಿಸಿದರು. ಮೂವತ್ತು ವರ್ಷದ ಮೇಲೆ ಇಬ್ಬರೂ ಪಕ್ಕ ಪಕ್ಕ ಕುಳಿತರು. ಇವರು ಎಡಗಡೆಯ ಸರಿ ಮಗ್ಗುಲಲ್ಲಿ, ಮೆಹಬೂಬ ಬಲಗಡೆಯ ಉಲ್ಟಾ ಮಗ್ಗುಲಲ್ಲಿ. ಮೆಹಬೂಬನ ಪೈಲ್ವಾನ ಎದುರಾಳಿಯನ್ನು ಬಿಟ್ಟು ಗೋಡೆಯ ಕಡೆಗೇ ಹೋಗಿ ಹೋಗಿ ಒದೆಸಿಕೊಂಡ. ಜಾಗ ಬದಲಿಸಿದರು; ಇವರ ಪೈಲ್ವಾನ ಇನ್ನೂ ಬೇಗ ನೆಲ ಹಿಡಿದ. ಎಂಟು ಆಟದಲ್ಲಿ ಎಂಟೂ ಸಲ ಬಲಗಡೆ ಕುಳಿತವರೇ ಸೋತರು. ಆ ಮಗ್ಗುಲಲ್ಲಿ ಕುಂತವರಿಗೆ ಶನಿ ಹಿಡಿಯುತ್ತದೆ ಎಂದು ನಗುತ್ತ, ಚಹಾ ತಂದ ನನ್ನನ್ನು, ನೀ ಬರದ ಹಲಗಿ ನೀನಽ ಆಡು ಎಂದು ಇವರು ಅಲ್ಲಿ ಕೂರಿಸಿದರು. ಅದೇ ಕಿಟಕಿ, ಅದೇ ನನ್ನ ಸ್ಟೂಲು. ಕುಳಿತೆ.

ಹೊಲಿಗೆ ಮಷೀನಿನ ಮುಂದೆ ಕುಳಿತವರನ್ನು ನೀವು ನೋಡಿರಬೇಕು. ಚಕ್ರ ಇರುವುದು ಬಲಕ್ಕೆ; ತಿರುಗಿಸುವುದು, ತಡೆಯುವುದು, ಹಿಂದೆ ಮುಂದೆ ಮಾಡುವುದು ಎಲ್ಲ ಬಲಗೈಯದು. ಬಟ್ಟೆಯನ್ನು ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ದಾರಿ ತೋರಿಸುವುದು ಎಡಗೈಯ ಬೆರಳುಗಳು. ಹಿಡಿಕೆ ಬಲಗೈಗೆ ಸಿಕ್ಕಿತು, ಗುಂಡಿಗಳು ಎಡಗೈಯ ಬೆರಳ ಕೆಳಗೆ ಬಂದು ಕುಳಿತವು. ಮೊದಲನೆಯ ಆಟ ಸೋತೆ. ಎರಡನೆಯದರಲ್ಲಿ ನನ್ನ ಪೈಲ್ವಾನ ಎದ್ದು ನಿಂತ. ಮೂರನೆಯದರಲ್ಲಿ ಮೆಹಬೂಬನ ಪೈಲ್ವಾನನಿಗೆ ಒಂದೇ ಸಮನೆ ಹೊಲಿಗೆಯ ಟಾಕು ಹಾಕಿದ ಹಾಗೆ ಹೊಡೆದ. ಆಮೇಲೆ ಇವರು ಕುಳಿತರು. ಇವರಿಗೂ ಹಾಕಿದ. ಚಹಾದ ಮೇಲೆ ಕೆನೆ ಕಟ್ಟಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಕೇಳಿದ್ದು ಒಂದೇ ಮಾತು: "ಗೆಲ್ಲಾಕತ್ತೀದಿ ಸರಿ, ಕಾಲ್ಯಾಕ ತುಳಿಯಾಕತ್ತಾವವ್ವಾ?" ನೋಡಿಕೊಂಡೆ. ನನ್ನ ಎರಡೂ ಪಾದಗಳು ಖಾಲಿ ನೆಲವನ್ನು ಲಯಬದ್ಧವಾಗಿ ತುಳಿಯುತ್ತಿದ್ದವು.

ಆ ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನದ ಸಣ್ಣಪುಟ್ಟದ್ದನ್ನೆಲ್ಲ ಕ್ಯಾಲೆಂಡರಿನ ಚೌಕಗಳಲ್ಲಿ ಬರೆಯುವ ರೂಢಿ ನನಗಿದೆ: ಗ್ಯಾಸ್ ಬಂತು, ಅತ್ತೆಯ ಗುಳಿಗೆ ಮುಗಿಯಿತು, ಇಂಥವರ ಜಂಪರು, ಕೊರಳು ಅಗಲ. ಆ ವಾರದ ಚೌಕಗಳಲ್ಲಿ ಬರೀ 'ಮೂರು–ಒಂದು', 'ನಾಲ್ಕು–ಎರಡು' ಎಂದಿದೆ. ಇವರು ಶಿಫ್ಟು ಮುಗಿಸಿ ಬಂದು, ಕೈಕಾಲು ತೊಳೆದು, ಟವೆಲ್ಲು ಹಾಕಿದ ತಮ್ಮ ಕುರ್ಚಿಯನ್ನೂ ನೋಡದೆ ನೆಟ್ಟಗೆ ಬಂದು ನನ್ನ ಪಕ್ಕ ಕುಳಿತು ಸೋಲುತ್ತಿದ್ದರು. ಸೋಲುವ ಗಂಡಸು ಇಷ್ಟು ಖುಷಿಯಾಗಿರುವುದನ್ನು ನಾನು ನೋಡಿರಲಿಲ್ಲ. ಒಂದೇ ತೊಂದರೆ, ಸಂಜೆ ನಾಲ್ಕರಿಂದ ಐದೂವರೆವರೆಗೆ ಕಿಟಕಿಯ ಬಿಸಿಲು ನೇರ ಕಣ್ಣಿಗೆ ಬಡಿದು ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಬುಧವಾರ ಪಡಸಾಲೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕುಳಿತು ಕಡುನೀಲಿ ದಪ್ಪ ಬಟ್ಟೆಯ ಒಂದು ಪರದೆ ಹೊಲಿದು ಕಿಟಕಿಗೆ ಹಾಕಿದೆ. ಗುರುವಾರ ಶಾರದಕ್ಕ ತಮ್ಮ ಇನ್ನೊಂದು ಜಂಪರು ಒಯ್ಯಲು ಬಂದು, ಕಡುನೀಲಿ ಜಂಪರಿಗೆ ಯಾಕವ್ವ ಕಪ್ಪು ದಾರ ಹಾಕೀದಿ ಎಂದು ಕೇಳಿದರು. ಬೆಳಕು ಸಾಲಲಿಲ್ಲ ಶಾರದಕ್ಕ, ಮಷೀನು ಸರಿಸಿಬಿಟ್ಟಾರ ನೋಡ್ರಿ ಎಂದು ಅತ್ಯಂತ ನೋವಿನಿಂದ ಹೇಳಿದೆ. ಅವರು ನನ್ನ ಪರವಾಗಿ ಇವರಿಗೆ ಎರಡು ಮಾತು ಹೇಳಿ ಹೋದರು. ಇವರು ಆ ಹೊತ್ತಿಗೆ ನನ್ನ ಪಕ್ಕ ಕುಳಿತು ಸೋಲುತ್ತಿದ್ದರು.

ಭಾನುವಾರ ಮೆಹಬೂಬ ಹೇಳಿದಂತೆ ಬಂದ. ಬಗಲಲ್ಲಿ ಹೊಸ ಹಲಗೆ, ಇಪ್ಪತ್ತೆರಡು ಇಂಚು, ಒಂದು ಹಿಡಿಕೆ, ಆರು ಗುಂಡಿಯ ತೂತು, ಅರ್ಧ ಇಂಚಿನ ಇಳಿಜಾರು, ಎಲ್ಲ ನನ್ನ ಅಳತೆಯಂತೆ. ಕೈಯಲ್ಲಿ ಗರಗಸ. ಪೆಟ್ಟಿಗೆಯನ್ನು ಇಲ್ಲೇ ಕೊಯ್ದು ತಿಜೋರಿಯ ಪಕ್ಕಕ್ಕೆ ಕೂರಿಸಿದರೆ ಸಂಜೆಯೊಳಗೆ ನನ್ನ ಮಷೀನು ತನ್ನ ಜಾಗಕ್ಕೆ ಬರುತ್ತದೆ. ಇವರು ಟವೆಲ್ಲಿನ ಕುರ್ಚಿಯಲ್ಲಿ ಕುಳಿತು ಟಿವಿ ನೋಡುತ್ತಿದ್ದರು, ಟಿವಿ ಹಚ್ಚಿರಲಿಲ್ಲ. ಮೆಹಬೂಬ ಗರಗಸ ಕೆಳಗಿಟ್ಟು ಪೆಟ್ಟಿಗೆ ನೋಡಿದ, ಪೆಟ್ಟಿಗೆಯ ಮುಂದೆ ಜೋಡಿಸಿಟ್ಟ ಎರಡು ಸ್ಟೂಲು ನೋಡಿದ, ಕಿಟಕಿಯ ಹೊಸ ಪರದೆ ನೋಡಿದ. ಪರದೆಯ ಅಂಚನ್ನು ಬೆರಳಲ್ಲಿ ಸವರಿ, ಹೊಲಿಗೆ ಯಾರದೆಂದು ಗುರುತು ಹಿಡಿದನೋ ಏನೋ, ಗಡ್ಡದೊಳಗೇ ನಕ್ಕ.

"ವೈನಿ, ದೊಡ್ಡದು ಹಂಗಽ ಇರ್ಲೇನ್ರಿ?" ಎಂದು ಕೇಳಿದ.

ಇಪ್ಪತ್ತೆರಡು ವರ್ಷದ ಕಿಟಕಿ. ಅದಕ್ಕಾಗಿ ಟೇಪು ಹಿಡಿದು ಇಂಚಿಂಚಿಗೂ ಹೋರಾಡಿದವಳು ನಾನು. ಅದು ಹೋಗಲಿ ಎಂದು ನನ್ನ ಬಾಯಿಂದಲೇ ಹೇಳುವುದು ಹೇಗೆ? ನಾನು ಪಡಸಾಲೆಗೆ ಹೋಗಿ, ಮಷೀನಿನ ಮೇಲಿದ್ದ ಡಬ್ಬಿ ತೆರೆದು, ಮೂರು ಗುಂಡುಸೂಜಿ ತೆಗೆದು ಬಾಯಲ್ಲಿಟ್ಟುಕೊಂಡು ಬಂದು, ಹೂಂ ಎಂದೆ.